ತಣ್ಣಗಿರಲಿ ಅಂದಿದ್ದೆ

ಮಲಾಕಿ ಟ್ಯಾನ್ಸಿಯ ಅಂಗಳದಲ್ಲಿ ಹೊಳೆಯುತ್ತಿತ್ತು
ಹೊಸ ಕೆಂಪು ಬಳಿದುಕೊಂಡ ಹಳೆಯ ಟ್ರ್ಯಾಕ್ಟರು.
ನಾನು ಮಾತಾಡಲಿಲ್ಲ. ಕೈಗವಸು ತೆಗೆದು
ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ,
ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ.

ಬೆಚ್ಚಗಿತ್ತು.

ಫೋನಿನಲ್ಲಿ ಎರಡು ಸಲ ಹೇಳಿದ್ದೆ:
ನಾನು ಬರುವವರೆಗೂ ಸ್ಟಾರ್ಟ್ ಮಾಡಬೇಡ, ತಣ್ಣಗಿರಲಿ.
ಹಳೆಯ ಡೀಸೆಲ್ಲು ಬಾಯಿಬಿಡುವುದು
ಬೆಳಗಿನ ಚಳಿಯಲ್ಲೇ.
"ಸುಮ್ಮನೆ ಇಲ್ಲಿಗೆ ಸರಿಸಿದೆ, ಅಟ್ರಾಕ್ಟಾ" ಅಂದ.
ರಾತ್ರಿಯಿಡೀ ಮಳೆ. ಆದರೆ ಅದರ ಹೊಟ್ಟೆಯಡಿ
ಟ್ರ್ಯಾಕ್ಟರಿನಷ್ಟೇ ಉದ್ದಗಲಕ್ಕೆ ನೆಲ ಒಣಗಿತ್ತು.

ಮೂವತ್ತೊಂದು ವರ್ಷ ರಾಸ್‌ಕಾಮನ್ನಿನ ಈ ಓಣಿಗಳಲ್ಲಿ
ಅಂಚೆ ಹಂಚಿದವಳು ನಾನು.
ಯಾವ ಬಾಗಿಲಿಗೆ ಯಾಕೆ ಹೊಸ ಬಣ್ಣ ಬಂತೆಂದು
ಲಕೋಟೆಯ ಮೇಲಿನ ಮುದ್ರೆ ನೋಡಿಯೇ ಬಲ್ಲೆ.

ಗಂಟೆ ಎಣಿಸುವ ಮೀಟರು ಹೇಳಿತು, ಮೂರು ಸಾವಿರ.
ಕ್ಲಚ್ಚಿನ ಪೆಡಲು ಬೇರೆಯೇ ಹೇಳಿತು:
ಗೀರುಗಳೆಲ್ಲ ಸವೆದು ನಡುವೆ ಒಂದು ತಗ್ಗು,
ಯಾರದೋ ಎಡಗಾಲಿನ ಅರ್ಧ ಆಯುಸ್ಸು.
ಎಣ್ಣೆಯ ಕಡ್ಡಿ ಎಳೆದರೆ ತುದಿಯಲ್ಲಿ
ಹಾಲು ಹಾಕಿದ ಚಹಾದ ಬಣ್ಣ.
ಒಳಗೆಲ್ಲೋ ಸೀಳಿದೆ, ನೀರು ಸೇರಿದೆ.
ದನವಾಗಿದ್ದರೆ ಸುಳಿ ಸರಿಯಿಲ್ಲವೆಂದು
ನಯವಾಗಿ ಹೇಳಿ ಬರಬಹುದಿತ್ತು.

"ಹಾಗಾದರೆ ದೊಡ್ಡದು ನೋಡು. ನೂರು ಕುದುರೆ ಬಲ,
ಕ್ಯಾಬಿನ್ನು, ರೇಡಿಯೋ."

ನನ್ನದು ಏಳು ಎಕರೆ, ಮಲಾಕಿ. ಜವುಗು.
ನೂರು ಕುದುರೆ ಅಲ್ಲಿಗಿಳಿದರೆ
ಬೇಸಿಗೆಯವರೆಗೂ ಎರಡು ಕಾಲುವೆ.
ನಾನು ಉಳುವುದಿಲ್ಲ. ಜೊಂಡು ಸವರಬೇಕು,
ಮುಳ್ಳುಗಿಡ ಬೀಜ ಕಟ್ಟುವ ಮೊದಲು ತಲೆ ತೆಗೆಯಬೇಕು,
ಎರಡು ಕತ್ತೆ, ಬಾಡಿಗೆಗೆ ಮೇಯುವ ಹನ್ನೊಂದು ಕಡಸು
ಮೂಸಿ ಬಿಟ್ಟುಹೋದ ಹುಲ್ಲನ್ನು ಸಮ ಮಾಡಬೇಕು.
ಹಳದಿ ಹೂವಿನ ಆ ವಿಷದ ಗಿಡವನ್ನಂತೂ
ಕೈಯಿಂದಲೇ ಕೀಳುತ್ತೇನೆ; ಕತ್ತರಿಸಿ ಬಿಟ್ಟರೆ
ಬಾಡಿದ ಮೇಲೆ ಕತ್ತೆಗೆ ರುಚಿಯಾಗುತ್ತದೆ.
ನಲವತ್ತೈದು ಕುದುರೆ ಸಾಕು. ಹಳೆಯದೇ ಬೇಕು,
ಸ್ಪ್ಯಾನರಿನ ಮಾತು ಕೇಳುವಂಥದ್ದು.

ಬಾಯ್ಲ್ ದಾರಿಯಲ್ಲಿ ಫಿಂಟನ್ ಗೋರ್ಮ್‌ಲಿಯ ಕೊಟ್ಟಿಗೆ.
ತುಕ್ಕು ಯಾವುದು ಬಣ್ಣ ಯಾವುದು ತಿಳಿಯದು.
ಸೀಟಿನ ಗೋಣಿಚೀಲದ ಮೇಲೆ ಒಂದು ಮೊಟ್ಟೆ.
ಮೊಟ್ಟೆ ಮುಟ್ಟಿದೆ, ತಣ್ಣಗಿತ್ತು.
ಬಾನೆಟ್ಟು ಅದಕ್ಕಿಂತ ತಣ್ಣಗೆ.

ಹೀಟರಿನ ಕೀಲಿ ತಿರುಗಿಸಿ ಹದಿನೈದರವರೆಗೆ ಎಣಿಸಿದೆವು,
ಅವನು ಐರಿಷಿನಲ್ಲಿ, ನಾನು ಮನಸ್ಸಿನಲ್ಲಿ.
ಕೆಮ್ಮಿತು. ನಿಂತಿತು.
ಮತ್ತೆ ಕೆಮ್ಮಿತು, ತೊಲೆಯ ಮೇಲಿನ ಹಕ್ಕಿಗಳೆಲ್ಲ ಹೊರಗೆ.
ಮೂರನೆಯ ಸಲ ಹಿಡಿದುಕೊಂಡಿತು.
ಬಿಳಿ ಹೊಗೆ, ಬಿಳಿ ಹೊಗೆ, ಆಮೇಲೆ
ಕೊಳವೆಯ ತುದಿಯಲ್ಲಿ ಗಾಳಿ ನಡುಗಿದಷ್ಟೇ.
ನೀಲಿ ಬಂದೀತೆಂದು ಕಾಲು ಗಂಟೆ ಕಾದೆ.
ಬರಲಿಲ್ಲ.

ಫಿಂಟನ್ ಕೇಳದೆಯೇ ಶುರುಮಾಡಿದ:
ಕೈಬ್ರೇಕು ಹಿಡಿಯುವುದಿಲ್ಲ.
ಹಿಂದಿನ ಲಿಫ್ಟು ರಾತ್ರಿಯೊಳಗೆ ತಾನೇ ಇಳಿದಿರುತ್ತದೆ.
ಮೂರನೇ ಗೇರು ಇಳಿಜಾರಿನಲ್ಲಿ ಹಾರುತ್ತದೆ,
ಮೊಣಕಾಲಿನಿಂದ ಒತ್ತಿ ಹಿಡಿ.
ಮೀಟರು ಸತ್ತು ಎಷ್ಟು ಕಾಲವಾಯಿತೋ.
ಉರುಳಿದರೆ ತಲೆ ಕಾಯುವ ಕಂಬಿ ಇದಕ್ಕಿಲ್ಲ,
ಹಾಕಿಸದೆ ಹೊಲಕ್ಕಿಳಿಸಬೇಡ. ನನ್ನ ಸೋದರಮಾವ...

ಅಲ್ಲಿಗೆ ನಿಲ್ಲಿಸಿದ.
ಆ ಮನೆಗೆ ಸಂತಾಪದ ಕಾರ್ಡು ತಲುಪಿಸಿದವಳು ನಾನೇ,
ರಬ್ಬರ್ ಬ್ಯಾಂಡು ಹಾಕಿದ ಮೂರು ಕಟ್ಟು.

ಕೈಗೆ ಕೈ ತಟ್ಟಿ ವ್ಯಾಪಾರ ಮುರಿದೆವು.
ಇಲ್ಲಿನ ಪದ್ಧತಿಯಂತೆ ಇಪ್ಪತ್ತು ಯೂರೋ
ಶುಭಕ್ಕೆಂದು ನನ್ನ ಕೈಗೇ ಮರಳಿ ಇಟ್ಟ.
ಮೊಟ್ಟೆಯನ್ನೂ ಕೊಟ್ಟ.

ಜುಲೈ. ಕಂಬಿ ಹಾಕಿಸಿಯಾಯಿತು,
ಟ್ರ್ಯಾಕ್ಟರಿನ ಕಾಲು ಪಾಲು ಬೆಲೆ ಅದಕ್ಕೇ.
ಹೊಲದ ನಡುವಿನಿಂದ ಅಂಚಿಗೆ ಸವರುತ್ತ ಬಂದೆ,
ಅಡಗಿದ್ದದ್ದು ಬೇಲಿಯತ್ತ ಓಡಲಿ ಎಂದು.
ಒಂದು ಮೊಲ ಓಡಿತು. ಕತ್ತೆಗಳು ಕದಲಲಿಲ್ಲ.
ಸಂಜೆ ಗೇಟಿನ ಬಳಿ ನಿಲ್ಲಿಸಿ
ಹಿಂದಿನ ಚಕ್ರಗಳಿಗೆ ಎರಡು ಕಲ್ಲು ಕೊಟ್ಟೆ.
ಬೂಟು ಕಳಚುವ ಮುಂಚೆ ತಿರುಗಿ ನೋಡಿದರೆ
ಹಿಂದಿನ ಯಂತ್ರ ಆಗಲೇ ಒಂದು ಗೇಣು ಇಳಿದಿತ್ತು,
ಫಿಂಟನ್ ಹೇಳಿದ ಹಾಗೇ.