ತೂಕ ಇಡುವವನು

ಇಪ್ಪತ್ತೆರಡು ವರ್ಷದಿಂದ ನನ್ನ ಕೆಲಸ
ಸೇತುವೆ ಮುರಿಯುವುದು.
ಮಂಡ್ಯದ ಕಾಲೇಜು, ನೆಲಮಹಡಿ,
ಕಬ್ಬಿಣದ ಬಾಗಿಲು ದಾಟಿದರೆ ಬಲಕ್ಕೆ ಲ್ಯಾಬು.
ರಿಜಿಸ್ಟರಿನಲ್ಲಿ ಅಟೆಂಡರ್; ಹುಡುಗರ ಬಾಯಲ್ಲಿ
ಸಿಂಗ್ರಣ್ಣ.

ನವೆಂಬರ್ ಬಂತೆಂದರೆ ಬರುತ್ತವೆ,
ಎಳೆಗೂಸು ಎತ್ತಿಕೊಂಡ ಹಾಗೆ ಎತ್ತಿಕೊಂಡು,
ಐಸ್‌ಕ್ಯಾಂಡಿ ಕಡ್ಡಿಯ ಸೇತುವೆಗಳು.
ಎರಡಡಿ ಉದ್ದ, ಎಂಟುನೂರು ಗ್ರಾಮಿನೊಳಗೆ,
ಕಡ್ಡಿ, ಗೋಂದು, ಬೇರೇನೂ ಕೂಡದು.
ಆರು ವಾರ ಕಟ್ಟಿದ್ದನ್ನು
ಆರು ನಿಮಿಷದಲ್ಲಿ ಮುಗಿಸುತ್ತೇನೆ ನಾನು.
ಐದು ಕೆಜಿ. ನಿಲ್ಲು. ಐದು ಕೆಜಿ. ನಿಲ್ಲು.
ನನಗೆ ಲೆಕ್ಕ ಬರದು, ಸದ್ದು ತಿಳಿಯುತ್ತದೆ:
ಬೀಳುವ ಮುಂಚೆ ಒಳಗೆಲ್ಲೋ
ಒಣಗಿದ ಹುರುಳಿಕಾಯಿ ಬಿಸಿಲಿಗೆ ಸಿಡಿದಂತೆ
ಒಂದು ಟಿಕ್.
ಆಮೇಲೆ ಯಾರ ಮುಖವನ್ನೂ ನೋಡುವುದಿಲ್ಲ,
ಕೈ ಆಗಲೇ ಇನ್ನೊಂದು ತೂಕಕ್ಕೆ ಹೋಗಿರುತ್ತದೆ.

ಈ ಸಲ ಮೋಕ್ಷಿತಾ ಅಂತ ಒಬ್ಬಳು, ಕೆರಗೋಡಿನ ಕಡೆಯವಳು,
ಜೊತೆಗೆ ಇಮ್ದಾದ್, ಗುತ್ತಲಿನ ಬಡಗಿಯ ಮಗ.
ಕಡ್ಡಿ ಒಂದೊಂದನ್ನೂ ಬಗ್ಗಿಸಿ ನೋಡಿ
ಅರ್ಧಕ್ಕರ್ಧ ಬಿಸಾಕಿದರು.
ಹದಿನೈದು ದಿನ ಮೊದಲೇ ಬಂದು ಕೇಳಿದಳು:
“ಅಣ್ಣಾ, ಇಷ್ಟೊಂದು ಮುರಿದಿದ್ದೀರಲ್ಲ,
ಮೊದಲು ಎಲ್ಲಿ ಹೋಗುತ್ತೆ?”
ಯಾರೂ ಕೇಳಿರಲಿಲ್ಲ. ಮೇಷ್ಟ್ರುಗಳೂ.
“ಕಡ್ಡಿ ಮುರಿಯಾಕಿಲ್ಲ ಕನವ್ವ, ಗಂಟು ಬಿಟ್ಕತದೆ.
ಗೋಂದು ಮ್ಯಾಲೆ ಒಣಗಿರ್ತದೆ, ಒಳಗೆ ಹಸಿ.
ಅವಸರ ಮಾಡ್ದೋರ್ದೇ ಮೊದ್ಲು ಬೀಳೋದು.”
ಬರೆದುಕೊಂಡಳು. ನನ್ನ ಮಾತನ್ನು.
ನೋಟ್‌ಬುಕ್ಕಿನಲ್ಲಿ, ತ್ರಿಕೋನಗಳ ಪಕ್ಕ.

ಸ್ಪರ್ಧೆಯ ದಿನ ಹತ್ತೊಂಬತ್ತು ಬಿದ್ದವು.
ಇವರದು ನಲವತ್ತು ತಿಂದಿತು. ಅರವತ್ತು ತಿಂದಿತು.
ಮರಳಿನ ಚೀಲವೂ ಮುಗಿದು ಇಡಲು ತೂಕವೇ ಇಲ್ಲ.
ಬಹುಮಾನ ಕೊಡಲು ಬಂದ ಇಂಜಿನಿಯರು
ಗಡಿಯಾರ ನೋಡಿದರು. ಆಮೇಲೆ
ಎಲ್ಲರೂ ನನ್ನನ್ನು ನೋಡಿದರು.
“ಸಿಂಗ್ರಣ್ಣ, ನೀವೆಷ್ಟು ಕೆಜಿ?”

ಚಪ್ಪಲಿ ಬಿಟ್ಟೆ, ಯಾಕೋ.
ಜೇಬಿನ ಬೀಗದ ಗೊಂಚಲೂ ತೆಗೆದಿಟ್ಟೆ.
ಚೀಲದ ಮೇಲೆ ಕೂತು ಎರಡೂ ಕಾಲೆತ್ತಿದೆ.
ಐವತ್ತೆಂಟು ಕೆಜಿ, ಎರಡು ಬೆಂಚಿನ ನಡುವೆ,
ಮಕ್ಕಳು ನೆಕ್ಕಿ ಬಿಸಾಕುವ ಕಡ್ಡಿಯ ಮೇಲೆ.
ಹತ್ತು ಎಣಿಸಬೇಕು. ಹುಡುಗರೆಲ್ಲ ಕೂಗಿ ಎಣಿಸಿದರು.
ಆರಕ್ಕೂ ಏಳಕ್ಕೂ ನಡುವೆ,
ನನ್ನ ಎಡತೊಡೆಯ ಕೆಳಗೆ,
ಟಿಕ್.
ಇಷ್ಟು ವರ್ಷ ಹೊರಗೆ ನಿಂತು ಕೇಳಿದ್ದೆ.
ಎಂಟು. ಒಂಬತ್ತು. ಹತ್ತು.

ಶಿಳ್ಳೆ, ಸೆಲ್ಫಿ, ಕಪ್.
ಗಲಾಟೆ ಕರಗಿದ ಮೇಲೆ ಅವಳೊಬ್ಬಳಿಗೇ ಹೇಳಿದೆ:
“ಎಡಗಡೆ ಮೂರನೇ ಗಂಟು ಮಾತಾಡ್ತು.”
ಅವಳು ನಗಲಿಲ್ಲ. “ಗೊತ್ತು ಅಣ್ಣಾ.
ಆ ರಾತ್ರಿ ಕರೆಂಟ್ ಹೋಗಿ, ಕ್ಲಿಪ್ ಸಾಲದೆ
ಹೇರ್‌ಪಿನ್ ಹಾಕಿ ಹಿಡಿದದ್ದು ಅದೊಂದೇ.”

ಈಗದು ಲ್ಯಾಬಿನ ಬೀರುವಿನ ಮೇಲಿದೆ.
ಟಿಫಿನ್ ಡಬ್ಬಿ ಇಡಹೋದ ಕ್ಲರ್ಕನ್ನು ಬೈದೆ.
ಸಂಜೆ ಮನೆ ದಾರಿಯಲ್ಲಿ, ನಾಲೆಯ ಸೇತುವೆ ಮೇಲೆ
ಕಬ್ಬು ತುಂಬಿದ ಗಾಡಿಗಳ ಸಾಲು.
ಟಿವಿಎಸ್ ನಿಲ್ಲಿಸಿ, ಇಂಜಿನ್ ಆರಿಸಿ,
ಕೊನೆಯ ಗಾಡಿ ದಾಟುವ ತನಕ ಕಿವಿಗೊಟ್ಟು ನಿಂತೆ.
ಹಿಂದಿನವನು ಹಾರ್ನ್ ಹೊಡೆಯುತ್ತಲೇ ಇದ್ದ.