ಒತ್ತಿ, ಹಿಡ್ಕೊಳ್ಳಿ, ಬಿಡಿ

ಐವತ್ತೇಳರ ಮಾರಿಸ್ ಮೈನರ್. ಒಂದು ಕಾಲಕ್ಕೆ ಬೂದು.
ಈಗ ನೆರೆ ಇಳಿದ ಮೇಲಿನ ಉರುಗ್ವೆ ಹೊಳೆಯ ಬಣ್ಣ.
ಸೂಲಗಿತ್ತಿ ನೆಲಿದಾ ಬೆಂತಾಂಕೂರ್ ಗಾಡಿ ತಂದು ನಿಲ್ಲಿಸಿ
ಇಳಿಯುವಾಗ ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ
ಹೊರಗಿಟ್ಟರು, ಯಾರದೋ ಸಾಮಾನಿನಂತೆ.
"ವಿಲ್ಮಾರ್, ಒಂದೋ ಮಂಡಿ ಬದಲಿಸಬೇಕು, ಇಲ್ಲಾ ಕ್ಲಚ್ಚು.
ಡಾಕ್ಟರಿಗಿಂತ ನೀನು ಅಗ್ಗ."

ಕೆಳಗೆ ಮಲಗಿ ನೋಡಿದೆ.
ಪೆಡಲಿನಿಂದ ಒಂದು ಸರಳು, ಸರಳಿನಿಂದ ಅಡ್ಡದಂಡ,
ದಂಡದಿಂದ ಇನ್ನೊಂದು ಸರಳು,
ಊರಲ್ಲಿ ಸುದ್ದಿ ಸಾಗುವ ಹಾಗೆ, ಬಾಯಿಂದ ಬಾಯಿಗೆ
ಸವೆಯುತ್ತ. ದುಂಡಗಿದ್ದ ತೂತು ಮೊಟ್ಟೆಯಾಗಿದೆ.
ಪಿನ್ನಿಗೆ ಇರುವೆಯ ಸೊಂಟ.
ಇವರು ಒತ್ತಿದ್ದು ನಾಲ್ಕು ಬೆರಳು, ಅಲ್ಲಿ ತಲುಪಿದ್ದು ಒಂದು.
ಉಳಿದ ಮೂರನ್ನು ತಿಂದವರು ಯಾರು?
ದಾರಿ.

ಮೂರು ದಿನ ಹಿಡಿಯಿತು.
ಮೊಂತೆವಿದೆಯೊದ ಭಾನುವಾರದ ಸಂತೆಯಲ್ಲಿ ಸಿಕ್ಕ ಸಿಲಿಂಡರು
ಯಾವ ಗಾಡಿಯದೋ, ಮಾರಿದವನೂ ಆಣೆ ಮಾಡಲಿಲ್ಲ.
ಬ್ರಾಕೆಟ್ಟು ಮಾತ್ರ ನನ್ನದೇ: ಮುಚ್ಚಿಹೋದ ಮಾಂಸದ ಕಾರ್ಖಾನೆಯ
ಉಕ್ಕಿನ ಪಟ್ಟಿ. ಎರಡು ಸಲ ತಪ್ಪು ಕೊರೆದು, ಒಂದು ಸಲ ಬೈದು,
ಸಂಜೆ ಬುರುಡೆಯಿಂದ ಕಹಿ ಮಾಟೆ ಹೀರುತ್ತ ಮತ್ತೆ ಅಳೆದು.
ಗೇರ್‌ಬಾಕ್ಸಿನ ಪಕ್ಕಕ್ಕೆ ಇನ್ನೊಂದು ಪುಟ್ಟ ಸಿಲಿಂಡರು,
ನಡುವೆ ಪೆನ್ಸಿಲ್ಲಿಗಿಂತ ತೆಳುವಾದ ಕೊಳವೆ.
ಸರಳುಗಳೆಲ್ಲ ಹೊರಬಂದವು
ಊಟ ಮುಗಿದ ತಟ್ಟೆಯ ಮೂಳೆಗಳಂತೆ.

ಇನ್ನು ಗಾಳಿ ತೆಗೆಯಬೇಕು. ಅದಕ್ಕೆ ಇಬ್ಬರು ಬೇಕು.
ಹುಡುಗ ಎದಿಸನ್ ಫುಟ್‌ಬಾಲ್ ನೋಡಲು ಹೋಗಿದ್ದ.
"ನಾನೇ ಕೂರ್ತೀನಿ" ಅಂದರು ನೆಲಿದಾ.

ನಾನು ಕೆಳಗೆ. ಎದೆಯ ಮೇಲೆ ಜಾಮಿನ ಸೀಸೆ, ಅದರೊಳಗೆ ನಳಿಗೆ.
ಒತ್ತಿ, ಅಂದೆ.
ಹಾಗೇ ಹಿಡ್ಕೊಳ್ಳಿ.
ತಿರುಪು ಸಡಿಲಿಸಿದೆ; ಗುಳ್ಳೆಗಳ ಹಿಂಡು. ಬಿಗಿದೆ.
ಈಗ ಬಿಡಿ.
ಒತ್ತಿ. ಹಿಡ್ಕೊಳ್ಳಿ. ಬಿಡಿ.
ಹದಿನೇಳನೆಯ ಸಲಕ್ಕೆ ಮೇಲಿಂದ ನಗು,
ಗಾಡಿ ನಡುಗುವಷ್ಟು.

"ನಲವತ್ತು ವರ್ಷ ಇದನ್ನೇ ಹೇಳಿದ್ದೆ ಕಣೋ.
ಹೇಳಿಸಿಕೊಂಡದ್ದು ಇವತ್ತೇ."
ಅವರಿಗೆ ಮಕ್ಕಳಿಲ್ಲ. ಫ್ರಾಯ್ ಬೆಂತೋಸಿಗೆಲ್ಲ ಗೊತ್ತು.
ನಾನು ಸ್ಪ್ಯಾನರನ್ನೇ ನೋಡಿದೆ.
"ನಿಮ್ಮಮ್ಮ ಇಷ್ಟು ಹೊತ್ತು ತಗೊಳ್ಳಲಿಲ್ಲ.
ಕಾಲು ಮುಂದಾಗಿ ಬಂದವನು ನೀನು, ಆದರೂ.
ಇದೇ ಗಾಡಿಯಲ್ಲಿ ಬಂದಿದ್ದೆ, ಕೆಸರಲ್ಲಿ, ಒಂದೇ ದೀಪ ಉರಿಯುತ್ತಿತ್ತು.
ಮಾತಾಡಿಸಬೇಡ. ಒತ್ತಿ ಅನ್ನು."

ಒತ್ತಿ, ಅಂದೆ.
ಗುಳ್ಳೆ ಒಂದು, ಸಾಸಿವೆಯಷ್ಟು. ಆಮೇಲೆ ಇಲ್ಲ.
ನಳಿಗೆಯ ತುಂಬ ಜೇನು ಬಣ್ಣ, ಮುರಿಯದ ಒಂದೇ ಗೆರೆ.
ಅವರು ಮೇಲೆ ತುಳಿದದ್ದೇ, ನನ್ನ ಮುಖದೆದುರು
ಫೋರ್ಕು ಸರಿಯಿತು, ಹೂಂ ಎಂದಂತೆ.

ಬೀದಿ ಸುತ್ತಿ ಬಂದರು. ಬಾಯಿ ಸೊಟ್ಟ.
"ಬೆಣ್ಣೆಗೆ ಕಾಲಿಟ್ಟ ಹಾಗಿದೆ.
ಎಂಜಿನ್ನು ಎಲ್ಲಿ ಹಿಡಿಯುತ್ತೆ ಅಂತ ಮೊದಲು ಮೂಳೆಗೆ ಗೊತ್ತಾಗುತ್ತಿತ್ತು.
ಈಗ ಏನೂ ಹೇಳುವುದಿಲ್ಲ ಇದು."
ಹೇಳುತ್ತೆ, ಅಂದೆ. ಮೆಲ್ಲಗೆ ಹೇಳುತ್ತೆ.
"ನನಗೆ ಕಿವಿಯೂ ಮಂದ."
ಎಣಿಸಿ ದುಡ್ಡು ಕೊಟ್ಟರು, ಒಂದು ಪೆಸೊ ಚೌಕಾಸಿಯಿಲ್ಲದೆ.

ಗುಜರಿ ಡಬ್ಬಕ್ಕೆ ಹಾಕಿದ್ದ ಉದ್ದ ಸರಳನ್ನು
ತಾವೇ ಬಗ್ಗಿ ಎತ್ತಿಕೊಂಡರು, ಪಕ್ಕದ ಸೀಟಲ್ಲಿ ಕೂರಿಸಿದರು.
ಈಗ ಅದು ಅವರ ಹಿತ್ತಲಲ್ಲಿ ಟೊಮೆಟೊ ಗಿಡಕ್ಕೆ ಆಸರೆ.
ತುದಿಯ ಮೊಟ್ಟೆ ತೂತಿಗೆ ದಾರ ಪೋಣಿಸಿದ್ದಾರೆ.