ಕೊಕ್ಕೆ

ಶಿಡ್ಲಘಟ್ಟ, ಸಂಜೆ ಟ್ಯೂಷನ್.
ಬೇಯಿಸಿದ ಗೂಡಿನ ವಾಸನೆ
ಮುಬೀನಾಳ ನೋಟ್‌ಬುಕ್ಕಿಗೂ ಹತ್ತಿದೆ.

‘ಮೈ ಫಾದರ್ ಹ್ಯಾವ್ ಎ ಚರಕ.’
ಹ್ಯಾವ್ ಹೊಡೆದು ಹ್ಯಾಸ್ ಬರೆದೆ, ಕೆಂಪಿನಲ್ಲಿ.
ಕನ್ನಡದಲ್ಲಿ ಈ ಕ್ರಿಯಾಪದವೇ ಇಲ್ಲ ನೋಡು,
ನಾವು ಏನನ್ನೂ ಹ್ಯಾವ್ ಮಾಡುವುದಿಲ್ಲ,
ನಮ್ಮ ಹತ್ತಿರ ಇರುತ್ತದೆ, ಇರುವಷ್ಟು ದಿನ.

ನಮ್ಮನೆ ಮಾತಲ್ಲೂ ಇಲ್ಲ ಮಿಸ್, ಅಂದಳು.
ಆಮೇಲೆ, ಮೆಲ್ಲಗೆ:
ಹ್ಯಾಸ್ ಅಲ್ಲ. ಹ್ಯಾಡ್.
ರಂಜಾನಿಗೆ ಮುಂಚೆ.

ತಿದ್ದಿದ್ದನ್ನು ತಿದ್ದಿದೆ.

ಕೆಳಗಿನ ಸಾಲಲ್ಲಿ ‘ಫಾದರ್ಸ್ ಚರಕ’,
ಎಸ್ಸಿನ ಪಕ್ಕ, ಬಿಸಿನೀರಲ್ಲಿ ಆಗಷ್ಟೇ ಸಿಕ್ಕ
ಎಳೆಯ ತುದಿಯಂತೆ ಒಂದು ಕೊಕ್ಕೆ.
ಇದನ್ನೂ ಪಾಸ್ಟಿಗೆ ಹಾಕಬೇಕಾ ಮಿಸ್?

ಇದಕ್ಕೆ ಭೂತಕಾಲ ಇಲ್ಲ ಕಣೇ.

ಅವಳು ಕೊಕ್ಕೆಯ ಮೇಲೇ
ಮತ್ತೆ ಪೆನ್ಸಿಲ್ ಒತ್ತಿದಳು,
ಹಾಳೆ ತೂತಾಗುವಷ್ಟು.